ಬಾಬೆಲಿನ ಸರಕಿನ ಪಟ್ಟಿ

ಓದುವ ಭಾಗ: ಪ್ರಕಟನೆ 17 ಮತ್ತು 18ನೇ ಅಧ್ಯಾಯಗಳು

ಹೋದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ಬಂದು ಕೇಳಿದ, "ಬ್ರದರ್, ಮಹಾ ಬಾಬೆಲ್ ಅಂದ್ರೆ ಯಾರು? ಯೂಟ್ಯೂಬಲ್ಲಿ ಒಬ್ಬರು ಒಂದು ಸಭೆ ಅಂತಾರೆ, ಇನ್ನೊಬ್ಬರು ಒಂದು ದೇಶ ಅಂತಾರೆ." ಒಳ್ಳೆಯ ಪ್ರಶ್ನೆ. ಇವತ್ತು ವಾಕ್ಯದಿಂದಲೇ ನೋಡೋಣ. ಬೈಬಲ್ ತೆಗೆಯಿರಿ, ಮೊಬೈಲಲ್ಲಿದ್ದರೂ ಪರವಾಗಿಲ್ಲ.

1. ಆಕೆ ಯಾರು?

ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನನು ಮೃಗದ ಮೇಲೆ ಕೂತ ಒಬ್ಬ ಸ್ತ್ರೀಯನ್ನು ಕಂಡನು. ಅವಳ ಕೈಯಲ್ಲಿ ಚಿನ್ನದ ಪಾತ್ರೆ ಇತ್ತು, ಪಾತ್ರೆಯೊಳಗೆ ಇದ್ದದ್ದು ಅಸಹ್ಯ (17:4). ಸುಳ್ಳು ಭಕ್ತಿ ಯಾವಾಗಲೂ ಹೀಗೇ. ಪಾತ್ರೆ ನೋಡಿದರೆ ಕುಡಿಯಬೇಕು ಅನ್ನಿಸುತ್ತೆ.

ಏಳು ಬೆಟ್ಟಗಳು, ಭೂರಾಜರನ್ನು ಆಳುವ ಮಹಾನಗರ (17:9, 18) ಎಂದಾಗ ಮೊದಲ ಶತಮಾನದ ವಿಶ್ವಾಸಿಗಳಿಗೆ ರೋಮ್ ನೆನಪಾಗಿರುತ್ತದೆ. ಚಕ್ರವರ್ತಿಗೆ ಧೂಪ ಹಾಕುತ್ತಿದ್ದ ಕಾಲ ಅದು. ಆದರೆ ಹೆಸರು ಮಾತ್ರ ಬಾಬೆಲ್, ಅಂದರೆ ಕ್ರಿ.ಪೂ. 586ರಲ್ಲಿ ಯೆರೂಸಲೇಮಿನ ದೇವಾಲಯವನ್ನು ಸುಟ್ಟ ಪಟ್ಟಣ. ಪಟ್ಟಣ ಬದಲಾಯಿತು, ಆತ್ಮ ಬದಲಾಗಲಿಲ್ಲ. ಕಡೇ ದಿನಗಳಲ್ಲಿ ಅದು ಪೂರ್ತಿಯಾಗಿ ಬಯಲಿಗೆ ಬರುತ್ತದೆ ಎಂದು ನಾವು ನಂಬುತ್ತೇವೆ. ದೇವರಿಗೆ ಸಲ್ಲಬೇಕಾದ ಆರಾಧನೆಯನ್ನು ಅಧಿಕಾರಕ್ಕೂ ಹಣಕ್ಕೂ ಮಾರಿಕೊಳ್ಳುವ ಆತ್ಮ ಅದು.

2. ಅವಳ ನ್ಯಾಯತೀರ್ಪು

17:16 ನೋಡಿ. ಅವಳನ್ನು ನಾಶಮಾಡುವವರು ಯಾರು? ಅವಳು ಸವಾರಿ ಮಾಡುತ್ತಿದ್ದ ಮೃಗ ಮತ್ತು ಅದರ ಹತ್ತು ಕೊಂಬುಗಳೇ! ಆ ಯೋಚನೆಯನ್ನು ಅವರ ಹೃದಯದಲ್ಲಿ ಹಾಕಿದವನು ದೇವರು. ನಾವು ಯಾವುದನ್ನು ನಂಬಿ ಹತ್ತಿ ಕೂರುತ್ತೇವೋ ಅದೇ ಒಂದು ದಿನ ನಮ್ಮನ್ನು ತಿನ್ನುತ್ತೆ.

ಪ್ರವಾದಿ ಯೆರೆಮೀಯನು ಸೆರಾಯನಿಗೆ ಒಂದು ಕೆಲಸ ಕೊಟ್ಟಿದ್ದ. ಬಾಬೆಲಿಗೆ ಹೋಗಿ ಸುರುಳಿಯನ್ನು ಓದಬೇಕು, ಅದಕ್ಕೆ ಕಲ್ಲು ಕಟ್ಟಿ ಯೂಫ್ರೇಟಿಸ್ ನದಿಗೆ ಎಸೆಯಬೇಕು (ಯೆರೆಮೀಯ 51). ಆಗ ಬಾಬೆಲ್ ಇನ್ನೂ ಮೆರೆಯುತ್ತಿತ್ತು. ಕ್ರಿ.ಪೂ. 539ರಲ್ಲಿ ಅದು ಪಾರಸಿಯ ರಾಜ ಕೋರೆಷನ ಕೈಸೇರಿತು. ಪ್ರಕಟನೆ 18:21ರಲ್ಲಿ ದೂತನು ಬೀಸುವ ಕಲ್ಲಿನಂಥ ದೊಡ್ಡ ಕಲ್ಲನ್ನು ಸಮುದ್ರಕ್ಕೆ ಎಸೆಯುತ್ತಾನೆ. ಒಮ್ಮೆ ಮಾತು ನೆರವೇರಿಸಿದ ದೇವರು ಇನ್ನೊಮ್ಮೆಯೂ ನೆರವೇರಿಸುತ್ತಾನೆ. ಆಮೆನ್?

3. ಅಳುವವರು ಮತ್ತು ಅವರ ಪಟ್ಟಿ

18ನೇ ಅಧ್ಯಾಯದಲ್ಲಿ ರಾಜರು, ವರ್ತಕರು, ಹಡಗಿನವರು ಅಳುತ್ತಾರೆ. ಯಾರೂ ಹತ್ತಿರ ಬರಲ್ಲ, ದೂರದಲ್ಲಿ ನಿಂತು ಅಳುತ್ತಾರೆ. ವರ್ತಕರ ಕಣ್ಣೀರಿಗೆ ಕಾರಣ ಏನು ಗೊತ್ತಾ? ಸರಕು ಕೊಳ್ಳುವವರು ಇನ್ನಿಲ್ಲ (18:11). ಪಾಪಕ್ಕಾಗಿ ಅತ್ತವರು ಅಲ್ಲಿ ಒಬ್ಬರೂ ಇಲ್ಲ.

ಆ ಸರಕಿನ ಪಟ್ಟಿಯನ್ನು ನಿಧಾನವಾಗಿ ಓದಿ. ಚಿನ್ನ, ಬೆಳ್ಳಿ, ಮುತ್ತು, ರೇಷ್ಮೆ, ದಂತ, ದಾಲ್ಚಿನ್ನಿ, ದ್ರಾಕ್ಷಾರಸ, ಎಣ್ಣೆ, ಗೋಧಿ, ಕುರಿ, ಕುದುರೆ, ರಥ. ಎಲ್ಲಕ್ಕಿಂತ ಕೊನೆಯಲ್ಲಿ ಮನುಷ್ಯರು, ಮನುಷ್ಯಪ್ರಾಣಗಳು. ಗುಲಾಮರಿಗೆ ಅಲ್ಲಿರುವ ಗ್ರೀಕ್ ಪದದ ಅರ್ಥ ಬರೀ "ದೇಹಗಳು". ಚಿನ್ನ ಮೊದಲು, ಮನುಷ್ಯ ಕೊನೆಗೆ. ಇದೇ ಬಾಬೆಲಿನ ಲೆಕ್ಕ.

ಪೇತ್ರನೂ ಎಚ್ಚರಿಸುತ್ತಾನೆ: ಸುಳ್ಳು ಬೋಧಕರು ದುರಾಸೆಯಿಂದ, ಕಟ್ಟುಕಥೆ ಹೇಳಿ ನಿಮ್ಮಿಂದ ಲಾಭ ಮಾಡಿಕೊಳ್ಳುತ್ತಾರೆ (2 ಪೇತ್ರ 2:3). ಇದು ಸಭೆಯ ಒಳಗೆ ನಡೆಯುವ ವ್ಯಾಪಾರ.

4. ನನ್ನ ಸಾಕ್ಷಿ

ಇದನ್ನು ಹೇಳೋದಕ್ಕೆ ನನಗೆ ನಾಚಿಕೆಯಾಗುತ್ತೆ, ಆದರೂ ಹೇಳ್ತೀನಿ. ಸೇವೆಯ ಆರಂಭದಲ್ಲಿ ಪಿಜಿಯಲ್ಲಿದ್ದ ಒಬ್ಬ ತಂಗಿ ವೀಸಾಗಾಗಿ ಪ್ರಾರ್ಥನೆ ಕೇಳಿ ಬಂದಳು. ನಾನು ಎಲ್ಲೋ ಕೇಳಿದ ಶೈಲಿಯಲ್ಲಿ, "ಒಂದು ತಿಂಗಳ ಸಂಬಳ ಬೀಜವಾಗಿ ಬಿತ್ತು, ಬಾಗಿಲು ತೆರೆಯುತ್ತೆ, ಕರ್ತನು ಹೇಳ್ತಿದ್ದಾನೆ" ಅಂದೆ. ಕರ್ತನು ಹೇಳಿರಲಿಲ್ಲ. ಹೊಸ ಸೌಂಡ್ ಸಿಸ್ಟಂ ನನ್ನ ತಲೆಯಲ್ಲಿತ್ತು. ಅವಳು ಕೊಟ್ಟಳು. ವೀಸಾ ರಿಜೆಕ್ಟ್ ಆಯ್ತು. ಆಮೇಲೆ ಅವಳು ಆರಾಧನೆಗೆ ಬರಲಿಲ್ಲ.

ಎರಡು ವರ್ಷ ಆದ ಮೇಲೆ ಇದೇ ಪಟ್ಟಿ ಓದುವಾಗ ಪವಿತ್ರಾತ್ಮನು ನನ್ನನ್ನು ತಡೆದ. ಕೊನೆಯ ಸಾಲಿನಲ್ಲಿ ಆ ತಂಗಿಯ ಮುಖ ಕಾಣಿಸಿತು. ಹೋಗಿ ಹಣ ವಾಪಸ್ ಕೊಟ್ಟು ಕ್ಷಮೆ ಕೇಳಿದೆ. ಕ್ಷಮಿಸಿದಳು. ಸಭೆಗೆ ಮಾತ್ರ ಇನ್ನೂ ಬಂದಿಲ್ಲ. ಅವಳಿಗಾಗಿ ದಿನವೂ ಪ್ರಾರ್ಥಿಸ್ತೀನಿ.

5. ಹೊರಗೆ ಬರುವುದು ಅಂದ್ರೆ ಏನು?

18:4ರಲ್ಲಿ ದೇವರು ಬಾಬೆಲನ್ನು ಬಿಟ್ಟು ಬರಲು ಕರೆಯುವುದು ಯಾರನ್ನು? ತನ್ನ ಸ್ವಂತ ಜನರನ್ನು. ಹಾಗಾದರೆ ಅವರು ಒಳಗೇ ಇದ್ದಾರೆ! ಆದ್ದರಿಂದ ಬೇರೆಯವರ ಕಡೆ ಬೆರಳು ತೋರಿಸೋದು ಸಾಕು. ನ್ಯಾಯತೀರ್ಪು ದೇವರ ಮನೆಯಿಂದಲೇ ಶುರುವಾಗುತ್ತದೆ (1 ಪೇತ್ರ 4:17). ಈ ವಾರ ಮೂರು ಪ್ರಶ್ನೆ ಕೇಳಿಕೊಳ್ಳಿ:

- ನಾನು ಕೇಳುವ ಬೋಧಕರು ಯೇಸುವಿನ ಕಡೆ ನಡೆಸ್ತಾರಾ, ತಮ್ಮ ಅಕೌಂಟ್ ನಂಬರ್ ಕಡೆಗಾ?
- "ಕರ್ತನು ಹೇಳಿದ" ಅನ್ನುವ ಮಾತನ್ನು ವಾಕ್ಯದಿಂದ ಪರೀಕ್ಷಿಸ್ತೀನಾ?
- ನನ್ನ ಪಟ್ಟಿಯಲ್ಲಿ ಮನುಷ್ಯರು ಎಷ್ಟನೇ ಸಾಲಿನಲ್ಲಿದ್ದಾರೆ?

ಕೊನೆಗೆ ಒಂದು ಸಂಗತಿ. ಏಳು ಪಾತ್ರೆಗಳನ್ನು ಹಿಡಿದ ದೂತರಲ್ಲಿ ಒಬ್ಬನು ಯೋಹಾನನಿಗೆ ಜಾರಸ್ತ್ರೀಯನ್ನು ತೋರಿಸಿದ (17:1). ಮದಲಗಿತ್ತಿಯನ್ನು ತೋರಿಸಿದ್ದೂ ಆ ಏಳು ದೂತರಲ್ಲಿ ಒಬ್ಬನೇ (21:9). ಒಬ್ಬಳು ಪ್ರಾಣಗಳನ್ನು ಮಾರಿದಳು. ಇನ್ನೊಬ್ಬಳಿಗಾಗಿ ಕುರಿಮರಿಯಾದಾತನು ತನ್ನ ಪ್ರಾಣವನ್ನೇ ಕೊಟ್ಟನು. ನಾವು ಯಾರ ಕಡೆ?

ತಲೆ ಬಾಗಿಸೋಣ. ಕರ್ತನೇ, ನಮ್ಮೊಳಗಿರುವ ಬಾಬೆಲನ್ನು ಮೊದಲು ನಮಗೆ ತೋರಿಸು. ನಾವು ನೋಯಿಸಿದವರ ಬಾಗಿಲಿಗೆ ಹೋಗುವ ಧೈರ್ಯ ಕೊಡು. ಸಭೆಯಿಂದ ಗಾಯಗೊಂಡು ದೂರ ಹೋದವರನ್ನು ನೀನೇ ಹುಡುಕು. ಯೇಸುವಿನ ನಾಮದಲ್ಲಿ, ಆಮೆನ್.