ಬರಿಹೊಟ್ಟೆಯ ಗುಳಿಗೆ

ನಮ್ಮ ಕೊರಳಿನ ಮುಂಭಾಗದಲ್ಲಿ ಚಿಟ್ಟೆಯಾಕಾರದ ಒಂದು ಪುಟ್ಟ ಗ್ರಂಥಿಯಿದೆ. ಅದೇ ಥೈರಾಯಿಡ್. ಅದು ಸ್ರವಿಸುವ ಥೈರಾಕ್ಸಿನ್ ಸಾಲದಾದಾಗ ದೇಹವನ್ನು ಆಲಸ್ಯವೂ ಚಳಿಯೂ ಆವರಿಸುತ್ತವೆ. ಹೃದಯದ ಬಡಿತ ಮಂದವಾಗುತ್ತದೆ. ಅಮೆರಿಕದ ಎಡ್ವರ್ಡ್ ಕೆಂಡಲ್ 1914ರಲ್ಲಿ ಈ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಇಂದು ಅದನ್ನು ಕೃತಕವಾಗಿ ತಯಾರಿಸಿ ಗುಳಿಗೆಯ ರೂಪದಲ್ಲಿ ಕೊಡುತ್ತಾರೆ.

ಗುಳಿಗೆಯನ್ನು ಯಾವ ಹೊತ್ತಿನಲ್ಲಿ ನುಂಗಬೇಕು? ಬೆಳಗ್ಗೆ, ಉಪಾಹಾರಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಎಂಬುದು ವೈದ್ಯರ ವಾಡಿಕೆಯ ಸಲಹೆ. ಇದರ ಕಾರಣ ಸೂರ್ಯೋದಯದಲ್ಲಿಲ್ಲ, ಕರುಳಿನಲ್ಲಿದೆ. ಔಷಧವನ್ನು ಹೀರುವುದು ಸಣ್ಣ ಕರುಳು; ಆಹಾರ ಜೊತೆಗೂಡಿದರೆ ಹೀರಿಕೆ ಕುಂದುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ 4 ಗಂಟೆಗಳ ಅಂತರವಿರಬೇಕು. ನಮ್ಮ ಮನೆಗಳಲ್ಲಿ ನಿಜವಾದ ತೊಡಕೆಂದರೆ ಕಾಫಿ. ಹಾಸಿಗೆ ಬಿಟ್ಟೊಡನೆ ಲೋಟ ಹಿಡಿಯುವವರಿಗೆ ಅರ್ಧ ಗಂಟೆ ಕಾಯುವುದು ತಪಸ್ಸೇ ಸರಿ! ಆದರೆ ಗುಳಿಗೆಯನ್ನು ಕಾಫಿಯೊಡನೆ ನುಂಗುತ್ತಿದ್ದ ರೋಗಿಗಳಲ್ಲಿ ಹೀರಿಕೆ ಕೆಟ್ಟುದನ್ನು ಇಟಲಿಯ ವೈದ್ಯರು 2008ರಲ್ಲಿ ವರದಿಮಾಡಿದರು. ಇದನ್ನರಿಯದ ವೈದ್ಯರು ಔಷಧದ ಪ್ರಮಾಣವನ್ನು ವೃಥಾ ಏರಿಸುತ್ತ ಹೋಗಬಹುದು.

ಹಾಗಾದರೆ ರಾತ್ರಿ ಸೇವಿಸಬಹುದೆ? ಹಾಲೆಂಡಿನ ಸಂಶೋಧಕರು ಅದೇ ರೋಗಿಗಳಿಗೆ 3 ತಿಂಗಳು ಬೆಳಗ್ಗೆ, 3 ತಿಂಗಳು ಮಲಗುವ ಹೊತ್ತಿಗೆ ಗುಳಿಗೆ ಕೊಟ್ಟು 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರಾತ್ರಿಯ ಸೇವನೆಯಿಂದ ರಕ್ತದಲ್ಲಿ ಹಾರ್ಮೋನು ತುಸು ಹೆಚ್ಚಿತ್ತು. ರೋಗಿಗಳ ಅನುಭವದಲ್ಲಿ ಮಾತ್ರ ಭೇದ ಕಾಣಲಿಲ್ಲ. ಊಟವಾಗಿ 3 ಗಂಟೆ ಕಳೆದಿದ್ದರೆ ರಾತ್ರಿಯೂ ಆದೀತು. ದೇಹದಲ್ಲಿ ಥೈರಾಕ್ಸಿನ್ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕಾದುದರಿಂದ ಒಂದು ದಿನ ತಡವಾದರೆ ಗಾಬರಿಯಿಲ್ಲ. ದಿನಕ್ಕೊಂದು ಹೊತ್ತಾದರೆ, ರಕ್ತಪರೀಕ್ಷೆಯನ್ನು ನೋಡಿ ಪ್ರಮಾಣ ನಿಶ್ಚಯಿಸುವುದು ವೈದ್ಯರಿಗೆ ಕಷ್ಟವಾಗುತ್ತದೆ.