ತಾರಣ ಅಂದರೆ ಮಾರಾಟವಲ್ಲ

ತಮ್ಮಾ, ಉಮರ್ಗಾ, ನಿಲಂಗಾ, ಉದಗೀರದ ಕಡೆ ಮನೆಯಲ್ಲಿ ನಾವು ಆಡುವುದು ಕನ್ನಡ, ಸಾಲದ ಕಾಗದ ಬರುವುದು ಮರಾಠಿಯಲ್ಲಿ. ಈ ಎರಡರ ನಡುವೆ ನಿಂತ ಒಂದು ಶಬ್ದ ನನ್ನ ಹನ್ನೆರಡು ಚೀಲ ತೊಗರಿ ನುಂಗಿತು. ಆ ಶಬ್ದ ‘ತಾರಣ’.

ಆಗ ನನಗೆ ನಿನ್ನದೇ ವಯಸ್ಸು. ರಾಶಿ ಮುಗಿದಿತ್ತು, ತಂಗಿಯ ಲಗ್ನ ಗೊತ್ತಾಗಿತ್ತು. ‘ತಾರಣ ಇಡು, ದರ ಏರಿದ ಮೇಲೆ ಬಿಡಿಸಿಕೊ’ ಅಂದ ಒಬ್ಬ ವ್ಯಾಪಾರಿ. ರೊಕ್ಕ ಎಣಿಸಿಕೊಂಡು ಸಹಿ ಹಾಕಿದೆ. ಮೂರು ತಿಂಗಳಿಗೆ ದರ ಏರಿತು. ಬಿಡಿಸಲು ಹೋದರೆ ಕಾಗದ ಮುಂದಿಟ್ಟ. ಅದರಲ್ಲಿ ಬರೆದದ್ದು ‘ಖರೇದಿ’, ಅಂದರೆ ಮಾಲು ಮಾರಿಬಿಟ್ಟ ಹಾಗೆ. ಆ ವರ್ಷ ಬಿತ್ತಲು ಅಪ್ಪ ಮಂದಿಯ ಮನೆಗೆ ಬೀಜ ಕೇಳಲು ಹೋದ.

ತಾರಣ ಅಂದರೆ ಒತ್ತೆ. ಮಾಲು ಸಾಲ ಕೊಟ್ಟವರ ಗೋದಾಮಿನಲ್ಲಿದ್ದರೂ ಮಾಲೀಕ ನೀನೇ. 1872ರ ಕರಾರು ಕಾಯ್ದೆಯ ಪ್ರಕಾರ, ಮುದ್ದತ್ತು ಮೀರಿದರೂ ಸರಿಯಾದ ನೋಟಿಸು ಕೊಡದೆ ಒತ್ತೆಯ ಮಾಲು ಮಾರುವಂತಿಲ್ಲ. ಮಾರಾಟ ಆಗುವ ತನಕ ಸಾಲ ತೀರಿಸಿ ಬಿಡಿಸಿಕೊಳ್ಳುವ ಹಕ್ಕು ನಿನಗಿದೆ. ಹೊಲ ಒತ್ತೆ ಇಡುವಾಗಿನ ಶಬ್ದ ಬೇರೆ, ಅದು ‘ಗಹಾಣ’. ಅಲ್ಲಿ ‘ಖರೇದಿಖತ್’, ಅಂದರೆ ಕ್ರಯಪತ್ರ, ಅಂತ ಕಂಡರೆ ಪೆನ್ನು ಕೆಳಗಿಟ್ಟು ಎದ್ದು ಬಾ.

ಮಹಾರಾಷ್ಟ್ರದ ಕೃಷಿ ಪಣನ ಮಂಡಳ 1990-91ರಿಂದ ಬಾಜಾರ ಸಮಿತಿಗಳ ಮೂಲಕ ಶೇತಮಾಲ ತಾರಣ ಯೋಜನೆ ನಡೆಸುತ್ತಿದೆ. ತೊಗರಿ, ಸೋಯಾದ ಬೆಲೆಯ ಶೇ. 75ರವರೆಗೆ ಸಾಲ, ವರ್ಷಕ್ಕೆ ಶೇ. 6 ಬಡ್ಡಿ, 180 ದಿನದ ಮುದ್ದತ್ತು. ಲಕ್ಷ ರೂಪಾಯಿಯ ಮಾಲಿಟ್ಟು 75,000 ತಂದರೆ ಆರು ತಿಂಗಳ ಬಡ್ಡಿ ಹೆಚ್ಚುಕಡಿಮೆ 2,250. ವ್ಯಾಪಾರಿಯ ಮಾಲಿಗೆ ಇಲ್ಲಿ ಜಾಗವಿಲ್ಲ, ರೈತನ ಸ್ವಂತ ಪೀಕಿಗೆ ಮಾತ್ರ. ಇರಬೇಕಾದದ್ದೇ ಹಾಗೆ. ಅದಕ್ಕೇ ಹೊಲದ ಸಾತ್‌ಬಾರಾ ದಾಖಲೆಯಲ್ಲಿ ಪೀಕಿನ ನೋಂದಣಿ ಆಗಿದೆಯೋ ಇಲ್ಲವೋ ರಾಶಿಗೆ ಮೊದಲೇ ನೋಡಿಕೊ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ತಾರಣದಿಂದ ನಿನಗೆ ಸಿಗುವುದು ತಡೆದು ಮಾರುವ ಸಮಯ. ದರ ಏರುವುದು ಅದರ ಕೈಯಲ್ಲಿಲ್ಲ. 2021ರ ಮಳೆಗಾಲದಲ್ಲಿ ಲಾತೂರ ಪೇಟೆಯಲ್ಲಿ ಸೋಯಾ ಕ್ವಿಂಟಲಿಗೆ 10,000ದ ಹತ್ತಿರ ಹೋಗಿತ್ತು. ಅದನ್ನು ಕಂಡ ಎಷ್ಟೋ ಮಂದಿ ಮುಂದಿನ ವರ್ಷಗಳಲ್ಲೂ ಅದೇ ದರ ಬರಲೆಂದು ಚೀಲ ಒಟ್ಟಿಕೊಂಡು ಕೂತರು. 2024ರ ಸುಗ್ಗಿಗೆ ಬೆಂಬಲ ಬೆಲೆಯೇ 4,892 ಇತ್ತು, ಪೇಟೆಯ ದರ ಅದಕ್ಕಿಂತಲೂ ಕೆಳಗೆ. ಬಡ್ಡಿ, ಹಮಾಲಿ, ಗಾಡಿ ಬಾಡಿಗೆ ಕಳೆದು ಇಷ್ಟು ಉಳಿದರೆ ಮಾರುತ್ತೇನೆ ಅಂತ ಚೀಲ ಇಡುವ ದಿನವೇ ಬರೆದಿಟ್ಟುಕೊ.

ಮಾಲಿಟ್ಟ ರಸೀದಿ ಕೈಗೆ ಬಂದಾಗ ಚೀಲ, ತೂಕ, ದರ, ತಾರೀಖು ಒಂದೊಂದೇ ನೋಡು. ‘ತಾರಣ’ ಅನ್ನುವ ಶಬ್ದದ ಮೇಲೆ ಬೆರಳಿಟ್ಟು ಓದು. ಓದಲು ಬಾರದಿದ್ದರೆ ಸಹಿಗೆ ಮೊದಲು ಆ ಕಾಗದ ನನ್ನ ಮನೆಗೆ ತಾ. ಎಷ್ಟು ಹೊತ್ತಾದರೂ ಸರಿ, ಕೂತು ಓದಿ ಹೇಳುತ್ತೇನೆ.