ಎಳೆಗೂಸಿಗೆ ಅರಿವಳಿಕೆ: ಹೆತ್ತವರು ತಿಳಿದಿರಬೇಕಾದದ್ದು

ಹರ್ನಿಯಾ, ಸೀಳುತುಟಿ ಮುಂತಾದ ತೊಂದರೆಗಳಿಗೆ ಒಂದು ವರ್ಷದೊಳಗಿನ ಮಗುವಿಗೂ ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆಗ ಪೂರ್ಣ ಅರಿವಳಿಕೆ ಕೊಡುತ್ತಾರೆ. "ಮಗುವಿಗೆ ಎಚ್ಚರವಾಗುತ್ತದಲ್ಲವೇ ಡಾಕ್ಟರೇ?" ಎಂದು ಹೆತ್ತವರು ಕೇಳುತ್ತಾರೆ. ಅರಿವಳಿಕೆ ತಜ್ಞರ ಗಮನವೆಲ್ಲ ಮಗುವಿನ ಉಸಿರಿನ ಮೇಲಿರುತ್ತದೆ. ಆ ಉಸಿರನ್ನು ಕಾಪಾಡುವ ಕೆಲಸ ಮನೆಯಲ್ಲೇ ಆರಂಭವಾಗಬೇಕು.

ಕಿರಿದಾದ ದಾರಿ

ನವಜಾತ ಶಿಶುವಿನ ಶ್ವಾಸನಾಳದ ಒಳ ಅಗಲ ಸುಮಾರು 4 ಮಿಲಿಮೀಟರ್. ಸುತ್ತಲೂ 1 ಮಿಲಿಮೀಟರ್ ಊದಿಕೊಂಡರೂ ಗಾಳಿಗೆ ಉಳಿಯುವುದು ಕಾಲು ಭಾಗ ಜಾಗ ಮಾತ್ರ. ಬಾಯಿಗೆ ಹೋಲಿಸಿದರೆ ನಾಲಿಗೆ ದೊಡ್ಡದು. ಪ್ರಜ್ಞೆ ತಪ್ಪಿದಾಗ ಅದು ಹಿಂದಕ್ಕೆ ಜಾರಿ ದಾರಿ ಮುಚ್ಚಬಹುದು. ತೂಕದ ಲೆಕ್ಕದಲ್ಲಿ ಮಗುವಿಗೆ ದೊಡ್ಡವರಿಗಿಂತ ಸುಮಾರು ಎರಡು ಪಟ್ಟು ಆಮ್ಲಜನಕ ಬೇಕು. ಆದ್ದರಿಂದ ಉಸಿರು ನಿಂತರೆ ಆಮ್ಲಜನಕ ಬಹಳ ಬೇಗ ಇಳಿಯುತ್ತದೆ. ವೈದ್ಯರು ಭುಜದ ಕೆಳಗೆ ಬಟ್ಟೆಯ ಸುರುಳಿ ಇಟ್ಟು, ಮಾಸ್ಕ್ ಅಥವಾ ಸಣ್ಣ ಕೊಳವೆಯ ಮೂಲಕ ಉಸಿರಾಡಿಸಿ, ಆಮ್ಲಜನಕದ ಮಟ್ಟವನ್ನು ಕ್ಷಣಕ್ಷಣಕ್ಕೂ ನೋಡುತ್ತಿರುತ್ತಾರೆ.

ಹಾಲು ಕೊಡುವ ಸಮಯ

ಅರಿವಳಿಕೆಯಲ್ಲಿ ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿರುವ ಹಾಲು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಸಾಮಾನ್ಯವಾಗಿ ಪಾಲಿಸುವ ಅಂತರ ಹೀಗಿದೆ:

• ಹಸುವಿನ ಹಾಲು, ಪುಡಿ ಹಾಲು, ರಾಗಿ ಸರಿ: 6 ಗಂಟೆ
• ಎದೆಹಾಲು: 4 ಗಂಟೆ
• ನೀರು (ಕುಡಿಯುವ ವಯಸ್ಸಾಗಿದ್ದರೆ): 2 ಗಂಟೆ

ನಿಮ್ಮ ಆಸ್ಪತ್ರೆ ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ. ಸಹರಿಗೆ ಗಡಿಯಾರ ನೋಡುವಂತೆ ಇಲ್ಲಿಯೂ ನೋಡಿ. ಆದರೆ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಮಗುವನ್ನು ಹಸಿದಿರಿಸಬೇಡಿ.

ಉಡಿಗಾಲದಂಥ ಊರಿನಿಂದ ಚಾಮರಾಜನಗರಕ್ಕೋ ಮೈಸೂರಿಗೋ ಹೋಗುವವರು ಪ್ರಯಾಣದ ಹೊತ್ತನ್ನೂ ಲೆಕ್ಕ ಹಾಕಬೇಕು. 9 ಗಂಟೆಗೆ ಶಸ್ತ್ರಚಿಕಿತ್ಸೆಯಿದ್ದರೆ ಕೊನೆಯ ಎದೆಹಾಲು ಬೆಳಗಿನ 5ಕ್ಕೆ. ಬಸ್ಸಿನಲ್ಲಿ ಮಗು ಅತ್ತಾಗ ತಾಯಿಯ ಮನಸ್ಸು ಕರಗುತ್ತದೆ. ಹಿರಿಯರು ಒಂದು ತೊಟ್ಟು ಹಾಲು ಕೊಡು ಎನ್ನುತ್ತಾರೆ. ಕೊಟ್ಟಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ದಿನಾಂಕ ಮುಂದೆ ಹೋಗುತ್ತದೆಂದು ಮುಚ್ಚಿಟ್ಟರೆ ಮಗುವಿನ ಜೀವಕ್ಕೇ ಅಪಾಯ.

ಇವನ್ನೂ ತಿಳಿಸಿ

ಮಗುವಿಗೆ ಇತ್ತೀಚಿನ ವಾರಗಳಲ್ಲಿ ನೆಗಡಿ, ಕೆಮ್ಮು, ಜ್ವರ ಬಂದಿತ್ತೇ? ನೆಗಡಿಯಾದ ಮಗುವಿನ ಧ್ವನಿತಂತುಗಳು ಅರಿವಳಿಕೆಯ ವೇಳೆ ಬಿಗಿದು ಮುಚ್ಚಿಕೊಳ್ಳುವ ಸಂಭವ ಹೆಚ್ಚು. ಮನೆಯ ಬೀಡಿ, ಸಿಗರೇಟಿನ ಹೊಗೆಯೂ ಈ ಅಪಾಯವನ್ನು ಹೆಚ್ಚಿಸುತ್ತದೆ. ತುರ್ತಲ್ಲದಿದ್ದರೆ ವೈದ್ಯರು ಕೆಲವು ವಾರ ಮುಂದೂಡಬಹುದು. ಅದು ಮಗುವಿನ ಒಳಿತಿಗೇ. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಅದನ್ನೂ ಹೇಳಿ. ಅಂಥ ಮಕ್ಕಳಲ್ಲಿ ಅರಿವಳಿಕೆಯ ನಂತರವೂ ಉಸಿರು ನಡುನಡುವೆ ನಿಲ್ಲಬಹುದಾದ್ದರಿಂದ ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತಾರೆ.

ಮಗು ಹೊರಬಂದ ಮೇಲೆ ಉಸಿರಾಡುವಾಗ ಗೊರಗೊರ ಸದ್ದು ಬಂದರೆ, ಪಕ್ಕೆ ಒಳಕ್ಕೆ ಸೆಳೆದರೆ, ತುಟಿ ನೀಲಿಯಾದರೆ ಕೂಡಲೇ ಸಿಸ್ಟರನ್ನು ಕರೆಯಿರಿ. ಅವರು ಹೇಳಿದ ಮೇಲೆಯೇ ಹಾಲು ಕೊಡಿ.